ರೈ ಕೂಡರ್ ಕೈಯಲ್ಲಿ ಮ್ಯಾಂಡೊಲಿನ್: ಎಲ್ಲೆಲ್ಲಿ ಕೇಳಿದ್ದೀರಿ?

ತಂತಿಪ್ರಿಯ

ಅಮೆರಿಕದ ಸಂಗೀತಗಾರ ರೈ ಕೂಡರ್ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಸ್ಲೈಡ್ ಗಿಟಾರ್, ಅಂದರೆ ತಂತಿಯ ಮೇಲೆ ಕೊಳವೆ ಜಾರಿಸಿ ನುಡಿಸುವ ಗಿಟಾರ್. ‘ಪ್ಯಾರಿಸ್, ಟೆಕ್ಸಾಸ್’ ಸಿನಿಮಾದ (1984) ಆ ಒಂಟಿ ಗಿಟಾರ್. ಇಲ್ಲವೇ ಮೋಹನವೀಣೆಯ ವಿಶ್ವಮೋಹನ ಭಟ್ ಜೊತೆ ಮಾಡಿದ ‘ಎ ಮೀಟಿಂಗ್ ಬೈ ದ ರಿವರ್’ ಆಲ್ಬಮ್. ನಾನೂ ಅವರನ್ನು ಕೇಳುತ್ತಿದ್ದುದು ಅದಕ್ಕಾಗಿಯೇ.

ಈಚೆಗೆ 1970ರ ಅವರ ಮೊದಲ ಆಲ್ಬಮ್ ಪೂರ್ತಿ ಕೇಳಿದೆ. ಅದರಲ್ಲಿ ‘ಗೋಯಿಂಗ್ ಟು ಬ್ರೌನ್ಸ್‌ವಿಲ್’ ಅಂತ ಒಂದು ಹಾಡಿದೆ. ಅಲ್ಲಿ ಹಾಡನ್ನು ಎಳೆದುಕೊಂಡು ಹೋಗುವುದು ಗಿಟಾರ್ ಅಲ್ಲ, ಮ್ಯಾಂಡೊಲಿನ್. ನುಡಿಸಿದವರು ಕೂಡರ್ ಅವರೇ. ಒರಟಾಗಿದೆ, ಸ್ವಲ್ಪ ತುಂಟತನವಿದೆ. ಸೊಗಸಾಗಿ ಕೇಳಿಸಬೇಕು ಅನ್ನೋ ಆಸೆಯೇ ಅದಕ್ಕಿಲ್ಲ. ಸ್ಲೈಡ್‌ನಲ್ಲಿ ಒಂದು ಸ್ವರವನ್ನು ಎಷ್ಟು ಬೇಕೋ ಅಷ್ಟು ಎಳೆಯುವ ಮನುಷ್ಯ ಇಲ್ಲಿ ಸ್ವರವನ್ನು ಕುಟ್ಟಿ ಬಿಟ್ಟುಬಿಡುತ್ತಾರೆ.

ಆಮೇಲೆ ಹುಡುಕಾಟ ಶುರುವಾಯಿತು. ಆದರೆ ಆ್ಯಪ್‌ಗಳಲ್ಲಿ ಯಾವ ಹಾಡಿಗೆ ಯಾರು ಯಾವ ವಾದ್ಯ ನುಡಿಸಿದರು ಅನ್ನೋ ಮಾಹಿತಿ ಬಹಳ ಕಡಿಮೆ. ಕೂಡರ್ ಮ್ಯಾಂಡೊಲಿನ್ ಇರುವ ಬೇರೆ ರೆಕಾರ್ಡಿಂಗ್ ಗೊತ್ತಿದ್ದರೆ ಹೇಳಿ. ಏನು ಕೇಳಬೇಕು ಅನ್ನೋದನ್ನೂ ಹೇಳಿದರೆ ಒಳ್ಳೆಯದು. ಬರೀ ಹೆಸರು ಕೊಟ್ಟು ಹೋಗಬೇಡಿ.

ಹಳೇರೆಕಾರ್ಡು

ಎಲ್ಲರಿಗೂ ಸುಲಭವಾಗಿ ಸಿಗುವುದರಿಂದ ಶುರು ಮಾಡಿ. ರೋಲಿಂಗ್ ಸ್ಟೋನ್ಸ್‌ನ ‘ಲೆಟ್ ಇಟ್ ಬ್ಲೀಡ್’, ಡಿಸೆಂಬರ್ 1969ರ ಆಲ್ಬಮ್. ಅದರ ‘ಲವ್ ಇನ್ ವೇನ್’ ಹಾಡಿನಲ್ಲಿರುವ ಮ್ಯಾಂಡೊಲಿನ್ ಕೂಡರ್ ಅವರದು. ಕೋಟಿಗಟ್ಟಲೆ ಜನ ಇದನ್ನು ಕೇಳಿದ್ದಾರೆ. ಯಾರು ನುಡಿಸಿದ್ದು ಅಂತ ಕೇಳಿದವರು ಕಡಿಮೆ.

ಮೂಲ ಹಾಡು ರಾಬರ್ಟ್ ಜಾನ್ಸನ್ ಅವರದು. 1937ರಲ್ಲಿ ಡಲ್ಲಾಸ್‌ನಲ್ಲಿ ರೆಕಾರ್ಡ್ ಆಯಿತು. ಒಂದು ದನಿ, ಒಂದು ಗಿಟಾರ್, ಅಷ್ಟೇ. ಸ್ಟೋನ್ಸ್ ಅದನ್ನು ನಿಧಾನ ಮಾಡಿ ಹಳ್ಳಿಗಾಡಿನ ನಡಿಗೆ ಕೊಟ್ಟರು. ರೈಲು ಹೊರಟುಹೋಗುವ ಹಾಡದು. ಅದಕ್ಕೆ ಮ್ಯಾಂಡೊಲಿನ್ ಯಾಕೆ ಬೇಕಿತ್ತು ಅಂತ ಮೊದಲು ಅನ್ನಿಸುತ್ತದೆ. ಕೇಳುತ್ತಾ ಹೋದರೆ ಗೊತ್ತಾಗುತ್ತದೆ: ಹಾಡುಗಾರನ ಸಾಲು ಮುಗಿದು ಖಾಲಿ ಬಿಟ್ಟ ಜಾಗದಲ್ಲಿ ಮಾತ್ರ ಅದು ಬಾಯಿ ಬಿಡುತ್ತದೆ. ಸಾಲಿನ ಮೇಲೆ ಕಾಲಿಡೋದಿಲ್ಲ. ಸ್ಟುಡಿಯೊಗೆ ಬಾಡಿಗೆಗೆ ಬಂದ ಇಪ್ಪತ್ತೆರಡರ ಹುಡುಗ ಇಷ್ಟು ಸಂಯಮ ತೋರಿಸಿದ್ದು ದೊಡ್ಡ ಮಾತು.

ಅದಕ್ಕೂ ಮೊದಲು 1968ರಲ್ಲಿ ತಾಜ್ ಮಹಲ್ ಅವರ ಮೊದಲ ಆಲ್ಬಮ್ ಬಂತು (ಗಾಯಕರ ಹೆಸರೇ ತಾಜ್ ಮಹಲ್, ಗೊಂದಲ ಬೇಡ). ಅದರಲ್ಲೂ ಕೂಡರ್ ಇದ್ದಾರೆ. ಇಬ್ಬರೂ ಲಾಸ್ ಏಂಜಲೀಸ್‌ನಲ್ಲಿ ‘ರೈಸಿಂಗ್ ಸನ್ಸ್’ ಅನ್ನೋ ತಂಡದಲ್ಲಿ ಜೊತೆಗಿದ್ದವರು. ಆ ತಂಡ ರೆಕಾರ್ಡ್ ಮಾಡಿದ್ದು 1960ರ ದಶಕದ ನಡುವೆ. ಕೊಲಂಬಿಯಾ ಕಂಪನಿ ಅದನ್ನು ಆಲ್ಬಮ್ ಆಗಿ ಹೊರಗೆ ಬಿಟ್ಟಿದ್ದು 1992ರಲ್ಲಿ!

ಕೂಡರ್ ಅವರದೇ ಆಲ್ಬಮ್‌ಗಳಲ್ಲಿ ‘ಇನ್‌ಟು ದ ಪರ್ಪಲ್ ವ್ಯಾಲಿ’ (1972) ಬಿಡಬೇಡಿ. ‘ಬಿಲ್ಲಿ ದ ಕಿಡ್’ ಹಾಡನ್ನು ಹೆಡ್‌ಫೋನ್ ಹಾಕಿಕೊಂಡೇ ಕೇಳಿ. ಮ್ಯಾಂಡೊಲಿನ್ ಜೊತೆ ಸ್ಲೈಡ್ ಕೂಡ ಇದೆ. ಎರಡು ಸ್ವಭಾವ ಒಂದೇ ಹಾಡಿನಲ್ಲಿ ಸಿಗುತ್ತದೆ.

ಬಯಲುಸೀಮೆ

‘ಲವ್ ಇನ್ ವೇನ್’ ಕಾಲೇಜು ದಿನಗಳಿಂದ ಕೇಳ್ತಾ ಇದ್ದೀನಿ. ಅದು ಗಿಟಾರೇ ಅಂದುಕೊಂಡಿದ್ದೆ. ಈಗ ಮತ್ತೆ ಹಾಕಿದೆ. ಇನ್ನು ಬೇರೆ ಏನೂ ಕೇಳಿಸ್ತಾ ಇಲ್ಲ!

ಪಿಟೀಲು_ಅಭ್ಯಾಸಿ

ತಂತಿಪ್ರಿಯ ಅವರ ‘ಕುಟ್ಟಿ ಬಿಟ್ಟುಬಿಡುತ್ತಾರೆ’ ಅನ್ನೋ ಮಾತಿಗೆ ವಾದ್ಯದಲ್ಲೇ ಕಾರಣವಿದೆ.

ಮ್ಯಾಂಡೊಲಿನ್‌ಗೆ ಎಂಟು ತಂತಿ, ನಾಲ್ಕು ಜೋಡಿ. ಪ್ರತಿ ಜೋಡಿಯ ಎರಡೂ ತಂತಿ ಒಂದೇ ಸ್ವರಕ್ಕೆ. ಪಾಶ್ಚಾತ್ಯ ಪಿಟೀಲಿನದೇ ಶ್ರುತಿ: ಜಿ, ಡಿ, ಎ, ಇ. ಆದರೆ ಕಮಾನು ಇಲ್ಲ. ನುಡಿಯುವ ತಂತಿಯ ಉದ್ದ ಸುಮಾರು 14 ಅಂಗುಲ. ಗಿಟಾರ್‌ನಲ್ಲಿ ಅದು 25 ಅಂಗುಲದ ಹತ್ತಿರ. ಗಿಡ್ಡ ತಂತಿ, ಜಾಸ್ತಿ ಬಿಗಿ. ಮೀಟಿದ ಕ್ಷಣ ಜೋರಾಗಿ ಕೇಳಿಸುತ್ತದೆ, ತಕ್ಷಣ ಸತ್ತುಹೋಗುತ್ತದೆ. ಅದಕ್ಕೇ ಇಟಲಿಯವರ ಕಾಲದಿಂದಲೂ ಟ್ರೆಮೊಲೊ, ಅಂದರೆ ಒಂದೇ ಸ್ವರವನ್ನು ಮೇಲೆ ಕೆಳಗೆ ಬೇಗ ಬೇಗ ಮೀಟುತ್ತಾ ಹೋಗುವುದು. ಸ್ವರ ನಿಂತಿದೆ ಅನ್ನೋ ಭ್ರಮೆ ಹುಟ್ಟಿಸುವ ಉಪಾಯ.

ಇನ್ನೊಂದು ತೊಂದರೆ ಮೆಟ್ಟಿಲುಗಳದು, ಅಂದರೆ ವಾದ್ಯದ ಕುತ್ತಿಗೆಯ ಮೇಲಿನ ಫ್ರೆಟ್‌ಗಳದು. ಅಮೆರಿಕದ ಕಪ್ಪು ಜನರ ಬ್ಲೂಸ್ ಹಾಡುಗಾರಿಕೆಯ ಜೀವ ಇರೋದು ನಾವು ಸಾಧಾರಣ ಗಾಂಧಾರ, ಅಂತರ ಗಾಂಧಾರ ಅನ್ನುತ್ತೇವಲ್ಲ (‘ಗ’ ಸ್ವರದ ಕೆಳಗಿನ, ಮೇಲಿನ ರೂಪ), ಅವೆರಡರ ಮಧ್ಯೆ. ಸ್ಲೈಡ್‌ನಲ್ಲಿ ಗಾಜಿನ ಕೊಳವೆ ತಂತಿಯ ಮೇಲೆ ಜಾರುತ್ತದೆ, ಆ ಮಧ್ಯದ ಜಾಗ ತಾನಾಗಿ ಸಿಗುತ್ತದೆ. ಮ್ಯಾಂಡೊಲಿನ್‌ನಲ್ಲಿ ಆ ಜಾಗವೇ ಇಲ್ಲ. ಸಾಧಾರಣ ಗಾಂಧಾರ ಹೊಡೆದು ಬೆರಳನ್ನು ಅಂತರಕ್ಕೆ ಜಾರಿಸಬೇಕು. ಇಲ್ಲವೇ ಪಕ್ಕದ ಜೋಡಿಯಲ್ಲಿ ಇನ್ನೊಂದು ಸ್ವರ ಸೇರಿಸಿ ಎರಡನ್ನೂ ಒಟ್ಟಿಗೆ ಕಚ್ಚಿಸಬೇಕು. ಕೂಡರ್ ಎರಡನ್ನೂ ಮಾಡುತ್ತಾರೆ. ಸ್ಲೈಡ್‌ನಲ್ಲಿ ಕೈಗೆ ಸುಲಭವಾಗಿ ಬಂದಿದ್ದನ್ನು ಇಲ್ಲಿ ಬೇಕಂತಲೇ ಬಿಟ್ಟುಕೊಟ್ಟು ಕೂತಿದ್ದಾರೆ. ನನಗೆ ಮಜಾ ಅನ್ನಿಸಿದ್ದು ಇದೇ.

ಬಯಲುಸೀಮೆ

ಗಾಂಧಾರದ ಉದಾಹರಣೆ ಕೊಟ್ಟಿದ್ದಕ್ಕೆ ಧನ್ಯವಾದ. ಬ್ಲೂಸ್ ಬಗ್ಗೆ ಎಷ್ಟೋ ಲೇಖನ ಓದಿದ್ದೆ, ತಲೆಗೆ ಹತ್ತಿರಲಿಲ್ಲ.

ಮಲ್ಲಿಗೆಹಂಬು

ಒಂದು ಸಣ್ಣ ತಕರಾರು. ಇದೆಲ್ಲ ಹೆಸರಿನ ಮೋಹ ಅಲ್ವಾ? ಮ್ಯಾಂಡೊಲಿನ್ ಅಂದರೆ ಬಿಲ್ ಮನ್ರೊ. ಕೆಂಟಕಿಯ ಆ ಮನುಷ್ಯ 1923ರ ಗಿಬ್ಸನ್ ಎಫ್-5 ಹಿಡಿದು ಬ್ಲೂಗ್ರಾಸ್ ಅನ್ನೋ ಒಂದು ಸಂಗೀತವನ್ನೇ ಕಟ್ಟಿದರು. ವೇಗ, ಸ್ಪಷ್ಟತೆ, ಧೈರ್ಯ, ಎಲ್ಲ ಇದೆ. ಕೂಡರ್ ಅಲ್ಲಿ ಇಲ್ಲಿ ನಾಲ್ಕು ಸ್ವರ ಉದುರಿಸಿದ್ದನ್ನು ಹುಡುಕಿಕೊಂಡು ಹೋಗೋದು ಯಾಕೆ? ಗಿಟಾರ್ ನುಡಿಸಿದವರು ಯಾರಾದರೂ ಎರಡು ತಿಂಗಳಲ್ಲಿ ಇಷ್ಟು ಮಾಡಬಹುದು.

ಹಳೇರೆಕಾರ್ಡು

ಎರಡು ತಿಂಗಳಾ! ಮಾಡಿ ತೋರಿಸಿ, ನಾನೇ ರೆಕಾರ್ಡ್ ಮಾಡ್ತೀನಿ.

ಗಂಭೀರವಾಗಿ ಹೇಳೋದಾದರೆ, ಗಿಟಾರ್ ಬೆರಳು ಇಲ್ಲಿ ಅರ್ಧ ಮಾತ್ರ ಉಪಯೋಗ. ಶ್ರುತಿಯೇ ಬೇರೆ, ಹಾಗಾಗಿ ಕಲಿತ ಆಕಾರಗಳೆಲ್ಲ ಬದಲಾಗುತ್ತವೆ. ಬಲಗೈಯನ್ನಂತೂ ಹೊಸದಾಗಿ ಕಲಿಯಬೇಕು.

ಮನ್ರೊ ದೊಡ್ಡವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೂಡರ್ ನುಡಿಸುತ್ತಿರುವುದು ಮನ್ರೊ ಮನೆತನದ್ದಲ್ಲ. ಬ್ಲೂಗ್ರಾಸ್‌ನಲ್ಲಿ ‘ಚಾಪ್’ ಅಂತ ಇದೆ. ತಾಳದ ಎರಡನೇ, ನಾಲ್ಕನೇ ಪೆಟ್ಟಿನಲ್ಲಿ ತಂತಿಗಳನ್ನು ಹೊಡೆದು ಕೂಡಲೇ ಬೆರಳು ಸಡಿಲಿಸಿ ಅಡಗಿಸುವುದು. ಡೋಲು ಇಲ್ಲದ ತಂಡದಲ್ಲಿ ಡೋಲಿನ ಕೆಲಸ ಅದೇ ಮಾಡುತ್ತದೆ. ಬ್ರೌನ್ಸ್‌ವಿಲ್ ಹಾಡಿನಲ್ಲಿ ಅದನ್ನು ಹುಡುಕಿ ನೋಡಿ, ಸಿಗೋದಿಲ್ಲ. ಅದರ ದಾರಿಯೇ ಬೇರೆ. ಕಪ್ಪು ಜನರ ಸ್ಟ್ರಿಂಗ್ ಬ್ಯಾಂಡ್ (ತಂತಿವಾದ್ಯಗಳ ತಂಡ) ಮತ್ತು ಜಗ್ ಬ್ಯಾಂಡ್‌ಗಳ (ಹೂಜಿಯನ್ನೂ ಊದಿ ನುಡಿಸುವ ತಂಡ) ದಾರಿ.

ಕಾಡುಹಾದಿ

ಆ ದಾರಿಯ ಬಗ್ಗೆ ನಾನು ಸ್ವಲ್ಪ ಬರೆಯುತ್ತೇನೆ. ಉದ್ದ ಆಗುತ್ತದೆ, ಕ್ಷಮಿಸಿ.

ಬ್ರೌನ್ಸ್‌ವಿಲ್ ಟೆನೆಸೀ ರಾಜ್ಯದ ಪಶ್ಚಿಮದಲ್ಲಿರುವ ಹತ್ತಿ ಬೆಳೆಯುವ ಸೀಮೆಯ ಊರು. ಮೆಂಫಿಸ್‌ನಿಂದ ಈಶಾನ್ಯಕ್ಕೆ. ಆ ಹಾಡು ಕಟ್ಟಿದ ಸ್ಲೀಪಿ ಜಾನ್ ಎಸ್ಟಿಸ್ ಅದೇ ಸುತ್ತಿನವರು. ಅವರ ಜೊತೆಗಾರ ಯಾಂಕ್ ರೇಚಲ್. ಇವರದೇ ಮ್ಯಾಂಡೊಲಿನ್. ಇಬ್ಬರೂ 1929ರಲ್ಲಿ ಮೆಂಫಿಸ್‌ನಲ್ಲಿ ವಿಕ್ಟರ್ ಕಂಪನಿಗೆ ರೆಕಾರ್ಡ್ ಮಾಡಿದರು. ಪಿಯಾನೊದಲ್ಲಿ ಜ್ಯಾಬ್ ಜೋನ್ಸ್. ‘ಡೈವಿಂಗ್ ಡಕ್ ಬ್ಲೂಸ್’ ಆಗಿನದು. ಎಸ್ಟಿಸ್ ಅಳುವ ಹಾಗೆ ಹಾಡುತ್ತಾರೆ. ಗಿಟಾರ್ ಸುಮ್ನೆ ಗುದ್ದುತ್ತಿರುತ್ತದೆ. ಮೇಲೆ ಮ್ಯಾಂಡೊಲಿನ್ ಎದುರು ಮಾತಾಡುತ್ತಿರುತ್ತದೆ. ಪಿಯಾನೊ ತನ್ನ ಪಾಡಿಗೆ ಉರುಳುತ್ತದೆ. ಮೂರೂ ಒಂದೇ ಕಡೆ ಹೋಗುತ್ತಿವೆಯೋ ಇಲ್ಲವೋ ಅನ್ನಿಸುವಷ್ಟು ಸಡಿಲ. ಆದರೆ ಬೀಳೋದಿಲ್ಲ.

ರೇಚಲ್‌ಗೆ ಮ್ಯಾಂಡೊಲಿನ್ ಸಿಕ್ಕ ಕಥೆಯನ್ನು ಅವರೇ ಹೇಳುತ್ತಿದ್ದರು. ಹುಡುಗನಿಗೆ ಅಮ್ಮ ಸಾಕೋಕೆ ಒಂದು ಹಂದಿ ಕೊಟ್ಟಿದ್ದಳು. ಅದನ್ನು ಕೊಟ್ಟು ಮ್ಯಾಂಡೊಲಿನ್ ತಂದ. ಅಮ್ಮನಿಗೆ ಸಿಟ್ಟು. ಚಳಿಗಾಲ ಬಂದು ಎಲ್ಲರೂ ಹಂದಿ ಮಾಂಸ ತಿನ್ನುವಾಗ ನೀನು ಆ ಮ್ಯಾಂಡೊಲಿನ್ ತಿನ್ನು ಅಂದಳಂತೆ.

ಹಳ್ಳಿಯ ಹುಡುಗನ ಕೈಗೆ ಆ ವಾದ್ಯ ಹೇಗೆ ಬಂತು ಅಂತ ಅನ್ನಿಸಬಹುದು. 19ನೇ ಶತಮಾನದ ಕೊನೆಯಿಂದ ಅಮೆರಿಕದಲ್ಲಿ ಮ್ಯಾಂಡೊಲಿನ್ ಹುಚ್ಚು ಹಿಡಿದಿತ್ತು. ಊರೂರಿನಲ್ಲಿ ಮ್ಯಾಂಡೊಲಿನ್ ವಾದ್ಯವೃಂದ. ಮಿಷಿಗನ್‌ನ ಕಲಾಮಜೂದಲ್ಲಿ ಗಿಬ್ಸನ್ ಕಂಪನಿ 1902ರಲ್ಲಿ ಹುಟ್ಟಿದ್ದೂ ಇದರ ಬೆನ್ನಿಗೇ. ಅಂಚೆಯಲ್ಲಿ ತರಿಸುವ ಅಗ್ಗದ ವಾದ್ಯಗಳು ಕ್ಯಾಟಲಾಗ್‌ಗಳಲ್ಲಿ ಇರುತ್ತಿದ್ದವು. ಪಟ್ಟಣದವರ ಹುಚ್ಚು ಇಳಿದರೂ ವಾದ್ಯಗಳು ಹಳ್ಳಿಗಳಲ್ಲಿ ಉಳಿದುಕೊಂಡವು.

ಈಗ ಕೂಡರ್ ಕಡೆ ಬನ್ನಿ. 1947ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ್ದು, ಪಕ್ಕದ ಸಾಂಟಾ ಮೋನಿಕಾದಲ್ಲಿ ಬೆಳೆದಿದ್ದು. ಬಿಳಿಯ ಹುಡುಗ. ಟೆನೆಸೀಗೂ ಅವರಿಗೂ ಸಂಬಂಧ ಹಳೇ ರೆಕಾರ್ಡ್‌ಗಳದ್ದು. ಜೊತೆಗೆ ಲಾಸ್ ಏಂಜಲೀಸ್‌ನ ಆ್ಯಶ್ ಗ್ರೋವ್ ಕ್ಲಬ್ಬಿನದು. 1958ರಲ್ಲಿ ಶುರುವಾದ ಆ ಜಾಗಕ್ಕೆ ದಕ್ಷಿಣದ ಹಳೆಯ ಬ್ಲೂಸ್ ಕಲಾವಿದರು ಬಂದು ಹಾಡುತ್ತಿದ್ದರು. ಹುಡುಗ ಅಲ್ಲೇ ಬೆಳೆದ.

ಹಾಗಾಗಿ ಆ 1970ರ ಹಾಡು ಯಾರೋ ಗಿಟಾರ್ ವಾದಕ ಬೇಸರಕ್ಕೆ ಮ್ಯಾಂಡೊಲಿನ್ ಎತ್ತಿಕೊಂಡಿದ್ದಲ್ಲ. ಎಸ್ಟಿಸ್ ಹಾಡಿನಲ್ಲಿ ರೇಚಲ್ ಕೂರುತ್ತಿದ್ದ ಜಾಗದಲ್ಲಿ ಹೋಗಿ ಕೂತಿದ್ದು. ಎರಡು ವರ್ಷದ ನಂತರ ‘ಬೂಮರ್ಸ್ ಸ್ಟೋರಿ’ ಆಲ್ಬಮ್‌ಗೆ ಎಸ್ಟಿಸ್ ಅವರನ್ನೇ ಕರೆಸಿ ‘ಪ್ರೆಸಿಡೆಂಟ್ ಕೆನಡಿ’ ಹಾಡಿಸಿದರು. ಆ ಹೊತ್ತಿಗೆ ಎಸ್ಟಿಸ್ ಪೂರ್ತಿ ಕುರುಡರಾಗಿದ್ದರು. 1977ರಲ್ಲಿ ತೀರಿಕೊಂಡರು.

ಮಲ್ಲಿಗೆಹಂಬು

ಸರಿ, ಮನ್ರೊ ಜೊತೆ ಹೋಲಿಸೋದು ಬಿಡುತ್ತೇನೆ. ಆದರೆ ಈಗ ಹೊಸ ಪ್ರಶ್ನೆ. ರೇಚಲ್ ಇದ್ದಾಗ ಕೂಡರ್ ಯಾಕೆ ಕೇಳಬೇಕು?

ಕಾಡುಹಾದಿ

ಒಳ್ಳೆಯ ಪ್ರಶ್ನೆ. ನನ್ನ ಉತ್ತರ: ಇಬ್ಬರನ್ನೂ ಕೇಳಿ, ಆದರೆ ರೇಚಲ್‌ಗೆ ಜಾಸ್ತಿ ಹೊತ್ತು ಕೊಡಿ. 1929ರದು ಕಿವಿಗೆ ಕಷ್ಟ, ಗೊರಗೊರ ಸದ್ದಿದೆ. ಅವರು 1960ರ ದಶಕದಲ್ಲಿ ಮತ್ತೆ ರೆಕಾರ್ಡ್ ಮಾಡಿದರು. ಡೆಲ್‌ಮಾರ್ಕ್ ಕಂಪನಿಯ ‘ಮ್ಯಾಂಡೊಲಿನ್ ಬ್ಲೂಸ್’ ಸ್ವಚ್ಛವಾಗಿ ಕೇಳಿಸುತ್ತದೆ. ಅದರಲ್ಲಿ ಎಸ್ಟಿಸ್ ಕೂಡ ಇದ್ದಾರೆ. ರೇಚಲ್ ವಾದ್ಯದ ಶ್ರುತಿಯನ್ನೇ ಕೆಳಗೆ ಇಳಿಸಿಕೊಳ್ಳುತ್ತಿದ್ದರು. ಅದಕ್ಕೇ ಅವರ ಮ್ಯಾಂಡೊಲಿನ್ ಕಿರಿಚೋದಿಲ್ಲ. 1997ರವರೆಗೆ ಬದುಕಿದ್ದರು, ಇಂಡಿಯಾನಾಪೊಲಿಸ್‌ನಲ್ಲಿ.

ತಂತಿಪ್ರಿಯ

ಕಾಡುಹಾದಿ ಹೇಳಿದ ಹಾಗೆ ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿದೆ. ರೇಚಲ್ ಹಾಡಿನ ಒಳಗಿದ್ದಾರೆ. ಕೂಡರ್ ಹೊರಗಿನಿಂದ ಅದನ್ನು ಪ್ರೀತಿಸುತ್ತಿದ್ದಾರೆ. ವ್ಯತ್ಯಾಸ ಕೇಳಿಸುತ್ತದೆ. ರೇಚಲ್ ತಾಳವನ್ನು ಎಲ್ಲಿ ಬೇಕಾದರೂ ಉದ್ದ ಮಾಡಿಬಿಡುತ್ತಾರೆ, ಯಾರನ್ನೂ ಕೇಳೋದಿಲ್ಲ. ಕೂಡರ್ ಅಚ್ಚುಕಟ್ಟು. ಸ್ಟುಡಿಯೊದಲ್ಲಿ ಪಳಗಿದ ಕೈ ಅದು.

ಆದರೂ ನನಗೆ ಕೂಡರ್ ಮೂಲಕವೇ ರೇಚಲ್ ಸಿಕ್ಕಿದ್ದು. ಮುಚ್ಚಿಡೋದು ಏನಿದೆ? 1929ರ ರೆಕಾರ್ಡ್ ಮೊದಲೇ ಯಾರಾದರೂ ಕೊಟ್ಟಿದ್ದರೆ ಅರ್ಧ ನಿಮಿಷಕ್ಕೆ ನಿಲ್ಲಿಸುತ್ತಿದ್ದೆ.

ಸೋಮವಾರಪೇಟೆ_ಕಾಫಿ

ಕ್ಯೂಬಾ ಸಂಗೀತಗಾರರ ಆಲ್ಬಮ್ ‘ಬುಯೆನಾ ವಿಸ್ಟಾ ಸೋಷಿಯಲ್ ಕ್ಲಬ್’ನಲ್ಲೂ ಕೂಡರ್ ಇದ್ದಾರಲ್ಲ? ಅದರಲ್ಲಿ ಮಿಂಚಿನ ಹಾಗೆ ಓಡುವ ಮ್ಯಾಂಡೊಲಿನ್ ಕೇಳಿದ ನೆನಪು. ಅದೂ ಅವರದೇನಾ?

ಹಳೇರೆಕಾರ್ಡು

ಅದು ಮ್ಯಾಂಡೊಲಿನ್ ಅಲ್ಲ, ಲಾವೂದ್. ಸ್ಪೇನ್‌ನಿಂದ ಕ್ಯೂಬಾಕ್ಕೆ ಬಂದ ಹನ್ನೆರಡು ತಂತಿಯ ವಾದ್ಯ. ನುಡಿಸಿದವರು ಬಾರ್ಬರಿತೊ ತೊರೆಸ್. ಇದೂ ಜೋಡಿ ತಂತಿಯದು, ಅದಕ್ಕೇ ಹಾಗೆ ಕೇಳಿಸುತ್ತದೆ. 1996ರಲ್ಲಿ ಹವಾನಾದಲ್ಲಿ ರೆಕಾರ್ಡ್ ಆದಾಗ ಕೂಡರ್ ನಿರ್ಮಾಪಕರು. ಮಧ್ಯೆ ಮಧ್ಯೆ ಸ್ಲೈಡ್ ಗಿಟಾರ್ ಇಟ್ಟಿದ್ದಾರೆ.

ಇದೇ ರೀತಿ ‘ದ ಲಾಂಗ್ ರೈಡರ್ಸ್’ (1980) ಸಿನಿಮಾ ಸಂಗೀತ ಕೇಳುವಾಗಲೂ ಜೋಪಾನ. ಅದರಲ್ಲಿ ಡೇವಿಡ್ ಲಿಂಡ್ಲಿ ಇದ್ದಾರೆ. ತಂತಿ ಇರುವ ಯಾವುದನ್ನು ಕೊಟ್ಟರೂ ನುಡಿಸುತ್ತಿದ್ದ ಮನುಷ್ಯ. ಸಂಗೀತ ಕೂಡರ್ ಅವರದು ಅಂದ ಮಾತ್ರಕ್ಕೆ ಕೇಳಿಸಿದ ಮ್ಯಾಂಡೊಲಿನ್ ಎಲ್ಲ ಅವರ ಖಾತೆಗೆ ಹಾಕಬೇಡಿ.

ಗಮಕದಹುಚ್ಚು

ಇಷ್ಟು ಹೊತ್ತಾದರೂ ಯಾರೂ ಯು. ಶ್ರೀನಿವಾಸ್ ಹೆಸರು ಎತ್ತಲಿಲ್ಲ! ನಮ್ಮ ಕಡೆ ಮ್ಯಾಂಡೊಲಿನ್ ಅಂದರೆ ಆ ಹುಡುಗನೇ ಅಲ್ವಾ?

ಪಿಟೀಲು_ಅಭ್ಯಾಸಿ ಹೇಳಿದ ಎರಡೂ ತೊಂದರೆಗಳು ಅವರಿಗೂ ಇದ್ದವು. ಸ್ವರ ನಿಲ್ಲೋದಿಲ್ಲ, ಮೆಟ್ಟಿಲುಗಳ ನಡುವೆ ಜಾಗವಿಲ್ಲ. ಕರ್ನಾಟಕ ಸಂಗೀತಕ್ಕೆ ಇವೆರಡೂ ಆಗಿಬರೋದಿಲ್ಲ. ಅವರು ವಾದ್ಯವನ್ನೇ ಬದಲಾಯಿಸಿದರು. ಜೋಡಿ ತಂತಿ ತೆಗೆದು ಒಂಟಿ ತಂತಿ ಹಾಕಿದರು. ಜೋಡಿಯನ್ನು ಗಮಕಕ್ಕೆ (ಸ್ವರವನ್ನು ಬಳುಕಿಸುವುದಕ್ಕೆ) ಎಳೆದರೆ ಎರಡೂ ಒಂದೇ ಸಮ ಏರೋದಿಲ್ಲ, ಶ್ರುತಿ ಒಡೆಯುತ್ತದೆ. ಐದನೇ ತಂತಿ ಸೇರಿಸಿದರು. ವಿದ್ಯುತ್ ಮ್ಯಾಂಡೊಲಿನ್ ಆರಿಸಿಕೊಂಡರು, ನಾದ ನಿಲ್ಲಲಿ ಅಂತ. 1969ರಲ್ಲಿ ಆಂಧ್ರದ ಪಾಲಕೊಲ್ಲುವಿನಲ್ಲಿ ಹುಟ್ಟಿ 2014ರಲ್ಲಿ ಚೆನ್ನೈನಲ್ಲಿ ತೀರಿಕೊಂಡರು. ಐವತ್ತೂ ಆಗಿರಲಿಲ್ಲ.

ಕೂಡರ್ ಮಾಡಿದ್ದು ಇದರ ತಿರುಗುಮುರುಗು ಅನ್ನಿಸುತ್ತದೆ. ವಾದ್ಯವನ್ನು ಹಾಗೇ ಬಿಟ್ಟರು. ಅದು ಏನು ಕೊಡುತ್ತದೋ ಅಷ್ಟರಲ್ಲೇ ಮಾತು ಮುಗಿಸಿದರು. ನನಗೆ ಶ್ರೀನಿವಾಸ್ ದಾರಿಯೇ ಇಷ್ಟ. ಆದರೆ ಕೂಡರ್ ಅವರ ಹಾಡಿಗೆ ಅಷ್ಟು ದೂರ ಹೋಗುವ ಅಗತ್ಯವೂ ಇರಲಿಲ್ಲ.

ಪಿಟೀಲು_ಅಭ್ಯಾಸಿ

ಹೌದು. ಅವರಿಗೆ ಗಮಕ ಬೇಕು ಅನ್ನಿಸಿದಾಗ ಸ್ಲೈಡ್ ಪಕ್ಕದಲ್ಲೇ ಇತ್ತಲ್ಲ. ಎರಡು ಕೈಗೂ ಕೆಲಸ ಹಂಚಿಕೊಟ್ಟಿದ್ದಾರೆ. ಉದ್ದ ಸ್ವರ ಗಿಟಾರ್‌ಗೆ, ಚುರುಕು ಮಾತು ಮ್ಯಾಂಡೊಲಿನ್‌ಗೆ.

ಸೋಮವಾರಪೇಟೆ_ಕಾಫಿ

‘ಎ ಮೀಟಿಂಗ್ ಬೈ ದ ರಿವರ್’ನಲ್ಲಿ ಮ್ಯಾಂಡೊಲಿನ್ ಇದೆಯಾ?

ಗಮಕದಹುಚ್ಚು

ಇಲ್ಲ. ಅಲ್ಲಿ ಕೂಡರ್ ಸ್ಲೈಡ್, ಭಟ್ ಮೋಹನವೀಣೆ. ತಬಲಾ ಸುಖವಿಂದರ್ ಸಿಂಗ್ ನಾಮಧಾರಿ. ಕೂಡರ್ ಅವರ ಮಗ ಜೋಆಕಿಮ್ ದುಂಬೆಕ್ ಅನ್ನೋ ಚರ್ಮವಾದ್ಯ ನುಡಿಸಿದ್ದಾನೆ, ಆಗ ಇನ್ನೂ ಹುಡುಗ. ಸಾಂಟಾ ಬಾರ್ಬರಾದ ಒಂದು ಚರ್ಚ್‌ನಲ್ಲಿ 1992ರಲ್ಲಿ ರೆಕಾರ್ಡ್ ಆಯಿತು, 1994ರಲ್ಲಿ ಗ್ರ್ಯಾಮಿ ಬಂತು. ಆ ಇಬ್ಬರು ಅದಕ್ಕೂ ಮೊದಲು ಜೊತೆಗೆ ನುಡಿಸಿದವರೇ ಅಲ್ಲ.

ಮುಂದೆ ಆ ಆಲ್ಬಮ್ ಹೊರತಂದ ಕಂಪನಿಯವರೇ ತಾಜ್ ಮಹಲ್ ಅವರನ್ನು ಕರೆಸಿ ಭಟ್ ಮತ್ತು ಚಿತ್ರವೀಣೆಯ ಎನ್. ರವಿಕಿರಣ್ ಜೊತೆ ಕೂರಿಸಿದರು. 1995ರ ‘ಮುಮ್ತಾಜ್ ಮಹಲ್’. ರವಿಕಿರಣ್ ಹುಟ್ಟಿದ್ದು ನಮ್ಮ ಮೈಸೂರಿನಲ್ಲಿ. ಚಿತ್ರವೀಣೆಗೆ ಮೆಟ್ಟಿಲಿಲ್ಲ, ಬ್ಲೂಸ್‌ಗೆ ಸರಾಗವಾಗಿ ಹೊಂದಿಕೊಂಡಿದೆ. ಮ್ಯಾಂಡೊಲಿನ್ ವಿಷಯಕ್ಕೆ ಸಂಬಂಧವಿಲ್ಲ, ಆದರೂ ಕೇಳಿ.

ಹಳೇರೆಕಾರ್ಡು

ತಾಜ್ ಮಹಲ್ ಹೆಸರು ಬಂತಲ್ಲ, ಇನ್ನೊಂದು ಬಾಕಿ ಇದೆ. 2022ರ ‘ಗೆಟ್ ಆನ್ ಬೋರ್ಡ್’. ರೈಸಿಂಗ್ ಸನ್ಸ್ ಕಾಲದ ಆ ಇಬ್ಬರೂ ಎಪ್ಪತ್ತು ದಾಟಿದ ಮೇಲೆ ಮತ್ತೆ ಸೇರಿ ಮಾಡಿದ್ದು. ಹಳೆಯ ಬ್ಲೂಸ್ ಜೋಡಿ ಸಾನಿ ಟೆರಿ, ಬ್ರೌನಿ ಮೆಗೀ ಅವರ ಹಾಡುಗಳು. ಆ ಜೋಡಿಯ ಇದೇ ಹೆಸರಿನ ರೆಕಾರ್ಡ್ (ಫೋಕ್‌ವೇಸ್ ಕಂಪನಿಯದು) 1952ರದು. ತಾಜ್ ಹಾರ್ಮೋನಿಕಾ, ಗಿಟಾರ್, ಪಿಯಾನೊ. ಕೂಡರ್ ಗಿಟಾರ್, ಮ್ಯಾಂಡೊಲಿನ್, ಬ್ಯಾಂಜೊ. ಮಗ ಜೋಆಕಿಮ್ ಡ್ರಮ್ಸ್, ಬೇಸ್. 2023ರಲ್ಲಿ ಇದಕ್ಕೂ ಗ್ರ್ಯಾಮಿ ಬಂತು.

ಸಾನಿ ಟೆರಿ ಜೋಡಿಯಲ್ಲಿ ಮ್ಯಾಂಡೊಲಿನ್ ಇರಲೇ ಇಲ್ಲ. ಹಾರ್ಮೋನಿಕಾ, ಗಿಟಾರ್ ಅಷ್ಟೇ. ಹಾಗಾಗಿ ಇಲ್ಲಿ ಕೂಡರ್ ಯಾರ ಜಾಗದಲ್ಲೂ ಕೂತಿಲ್ಲ, ತಮ್ಮದೇ ಜಾಗ ಮಾಡಿಕೊಂಡಿದ್ದಾರೆ. 1970ರ ಅಚ್ಚುಕಟ್ಟುತನ ಕರಗಿಹೋಗಿದೆ. ತಪ್ಪಿದರೂ ಪರವಾಗಿಲ್ಲ ಅನ್ನೋ ಹಾಗೆ ನುಡಿಸುತ್ತಾರೆ. ತಂತಿಪ್ರಿಯ ಅವರೇ, ನಿಮ್ಮ ‘ಹೊರಗಿನಿಂದ’ ಅನ್ನೋ ಮಾತು ಇದಕ್ಕೆ ಒಪ್ಪುತ್ತದಾ ನೋಡಿ.

ತಂತಿಪ್ರಿಯ

ಈಗ ತಾನೇ ಅರ್ಧ ಕೇಳಿದೆ. ಒಪ್ಪೋದಿಲ್ಲ. ಇಲ್ಲಿ ಒಳಗೇ ಇದ್ದಾರೆ. ಹಾರ್ಮೋನಿಕಾ ಜೊತೆ ಮ್ಯಾಂಡೊಲಿನ್ ಇಷ್ಟು ಚೆನ್ನಾಗಿ ಕೂರುತ್ತದೆ ಅಂತ ಗೊತ್ತಿರಲಿಲ್ಲ. ಒಂದು ಉಸಿರಿನ ವಾದ್ಯ, ಎಳೆಯುತ್ತದೆ. ಇನ್ನೊಂದು ಕುಟ್ಟುತ್ತದೆ. ಅವರದೇ ಸ್ಲೈಡ್ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ತಾಜ್ ಅವರ ಉಸಿರಿಗೆ ಬಿಟ್ಟುಕೊಟ್ಟಿದ್ದಾರೆ.

ಮಲ್ಲಿಗೆಹಂಬು

ನಾನೂ ಕೇಳಿದೆ. ಎರಡು ತಿಂಗಳ ಮಾತು ವಾಪಸ್ ಅಂತ ಹೇಳೋದಿಲ್ಲ, ಆದರೆ ಬಲಗೈ ಬಗ್ಗೆ ಹಳೇರೆಕಾರ್ಡು ಹೇಳಿದ್ದು ಸರಿ. ಹೊಡೆತದ ಜೋರು ಪ್ರತಿ ಸಾಲಿಗೂ ಬದಲಾಗುತ್ತಿದೆ. ಬ್ಲೂಸ್ ಮ್ಯಾಂಡೊಲಿನ್‌ನಲ್ಲಿ ರೇಚಲ್ ಬಿಟ್ಟರೆ ಇನ್ಯಾರು?

ಕಾಡುಹಾದಿ

ಜಾನಿ ಯಂಗ್. ಷಿಕಾಗೊ ನಗರದ ವಿದ್ಯುತ್ ಬ್ಲೂಸ್ ಮಧ್ಯೆ ಮ್ಯಾಂಡೊಲಿನ್ ಹಿಡಿದು ನಿಂತವರು. ಆಮೇಲೆ ಮಿಸಿಸಿಪಿಯ ಚಾರ್ಲಿ ಮೆಕಾಯ್, 1930ರ ಸುಮಾರಿನ ರೆಕಾರ್ಡ್‌ಗಳು. ಕಾರ್ಲ್ ಮಾರ್ಟಿನ್ ಕೂಡ. ಯಂಗ್‌ನಿಂದ ಶುರು ಮಾಡಿ, ರೆಕಾರ್ಡಿಂಗ್ ಚೆನ್ನಾಗಿದೆ.

ಬಯಲುಸೀಮೆ

ನಾನು ಹಳೇ ಮ್ಯಾಂಡೊಲಿನ್ ಒಂದು ನೋಡಿಟ್ಟಿದ್ದೀನಿ. ಎಂಟು ತಂತಿ ಶ್ರುತಿ ಮಾಡೋದು ಅಂದರೆ ತಲೆನೋವು ಅಂತ ಅಂಗಡಿಯವರೇ ಹೆದರಿಸಿದರು. ನಿಜಾನಾ?

ಪಿಟೀಲು_ಅಭ್ಯಾಸಿ

ನಿಜ. ಆದರೆ ಕೊಳ್ಳುವ ಮೊದಲು ಕುತ್ತಿಗೆ ಬಾಗಿದೆಯಾ ನೋಡಿ. ಎಂಟು ತಂತಿಯ ಸೆಳೆತ ಜಾಸ್ತಿ, ಹಳೆಯವು ಬಾಗಿರುತ್ತವೆ. ಹನ್ನೆರಡನೇ ಮೆಟ್ಟಿಲಲ್ಲಿ ಒತ್ತಿ ಮೀಟಿ, ಬರೀ ತಂತಿಯ ಸ್ವರಕ್ಕೆ ಸರಿಯಾಗಿ ಮೇಲಿನ ಷಡ್ಜ ಬರಬೇಕು. ಬರದಿದ್ದರೆ ಸೇತುವೆ, ಅಂದರೆ ತಂತಿಗಳನ್ನು ಹೊತ್ತ ಮರದ ಪಟ್ಟಿ, ಸರಿಸಿ ನೋಡಿ. ಅದು ಅಂಟಿಸಿದ್ದಲ್ಲ, ಜರುಗುತ್ತದೆ. ಆಗಲೂ ಬರದಿದ್ದರೆ ಬಿಟ್ಟುಬಿಡಿ.